ದ್ವೀಪದಲ್ಲಿ ಸಭೆ: ದಿನಾಂಕಕ್ಕಿಂತ ಮೊದಲು ಕಡಲನ್ನು ವಿಚಾರಿಸಿ

ಮಾನ್ಯ ಸಂಪಾದಕರೇ,

ವಾರ್ಷಿಕ ಸಭೆಗಳನ್ನೂ ಸಿಬ್ಬಂದಿಯ ತಂಡ ಪ್ರವಾಸಗಳನ್ನೂ ಕಡಲ ನಡುವಿನ ದ್ವೀಪಗಳಲ್ಲಿ ಏರ್ಪಡಿಸುವ ರೂಢಿ ಅನೇಕ ಕಂಪನಿಗಳಲ್ಲಿದೆ. ಕಚೇರಿಯ ಗದ್ದಲದಿಂದ ದೂರ ಸರಿದು ಎರಡು ದಿನ ಒಂದೆಡೆ ಕುಳಿತರೆ ಜನ ಮನಬಿಚ್ಚಿ ಮಾತನಾಡುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲವಾದ್ದರಿಂದ ಈ ರೂಢಿಗೆ ನನ್ನ ವಿರೋಧವಿಲ್ಲ. ಆದರೆ ಹಣಕಾಸು ವರ್ಷದ ಅನುಕೂಲ ನೋಡಿ ದಿನಾಂಕ ಗೊತ್ತುಮಾಡಿ, ಮುಂಗಡವನ್ನೂ ಕಟ್ಟಿ, ಆಮೇಲೆ ಆ ತಿಂಗಳು ಕಡಲು ಹೇಗಿರುತ್ತದೆಂದು ವಿಚಾರಿಸುವ ಪದ್ಧತಿ ಸರಿಯಲ್ಲ.

ನೆಲದ ಮೇಲಿನ ಊರಿಗೆ ಒಂದು ದಾರಿ ಮುಚ್ಚಿದರೆ ಇನ್ನೊಂದಿರುತ್ತದೆ. ದ್ವೀಪದಲ್ಲಿ ದೋಣಿ ನಿಂತರೆ ಎಲ್ಲವೂ ನಿಂತಂತೆ. 2016ರ ಡಿಸೆಂಬರ್‌ನಲ್ಲಿ ಚಂಡಮಾರುತದ ಹವೆಯಿಂದಾಗಿ ಅಂಡಮಾನಿನ ಹ್ಯಾವ್ಲಾಕ್ (ಈಗಿನ ಸ್ವರಾಜ್ ದ್ವೀಪ) ಮತ್ತು ನೀಲ್ ದ್ವೀಪಗಳಲ್ಲಿ ಸಿಲುಕಿದ್ದ ಸಾವಿರಕ್ಕೂ ಹೆಚ್ಚು ಪ್ರವಾಸಿಗರನ್ನು ಕರೆತರಲು ನೌಕಾಪಡೆಯೇ ಬರಬೇಕಾಯಿತು. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತಗಳು ಏಳುತ್ತವೆ, ಅರಬ್ಬೀ ಸಮುದ್ರ ಮುಂಗಾರಿನ ತಿಂಗಳುಗಳಲ್ಲಿ ಒರಟಾಗಿರುತ್ತದೆ, ಕೆರಿಬಿಯನ್ ದ್ವೀಪಗಳಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು. ಹವಾಮಾನ ಚೆನ್ನಾಗಿದ್ದಾಗಲೂ ಮಾಲ್ಡೀವ್ಸ್‌ನ ಸೀಪ್ಲೇನ್‌ಗಳು (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನಗಳು) ಹಗಲಿನಲ್ಲಿ ಮಾತ್ರ ಹಾರುವುದರಿಂದ, ದೂರದ ದ್ವೀಪಗಳಿಗೆ ಹೊರಟು ಸಂಜೆ ಮಾಲೆಯಲ್ಲಿ ಇಳಿದವರು ಸಾಮಾನ್ಯವಾಗಿ ಆ ರಾತ್ರಿ ಅಲ್ಲೇ ತಂಗಬೇಕಾಗುತ್ತದೆ. ಹೀಗಿರುವಾಗ ತಲುಪಿದ ದಿನವೇ ಮುಖ್ಯ ಸಭೆಯನ್ನಿಟ್ಟು, ಅರ್ಧ ತಂಡ ಬರುವ ಮೊದಲೇ ನಿರ್ಣಯಗಳನ್ನು ಕೈಗೊಳ್ಳುವುದು ಬಾರದವರಿಗೆ ಮಾಡುವ ಅನ್ಯಾಯ. ಮುಖ್ಯ ಚರ್ಚೆ ನಡುವಿನ ದಿನಕ್ಕಿರಲಿ. ಮರಳುವಾಗ ವಿಮಾನದ ಹಿಂದಿನ ರಾತ್ರಿಯೇ ಎಲ್ಲರೂ ದ್ವೀಪ ಬಿಟ್ಟು ವಿಮಾನ ಹೊರಡುವ ಊರನ್ನು ಸೇರಿರಲಿ.

ಇದಕ್ಕಿಂತ ಕಡಿಮೆ ಗಮನಕ್ಕೆ ಬರುವುದು ನೀರಿನ ಪ್ರಶ್ನೆ. ಸಣ್ಣ ಹವಳದ್ವೀಪಗಳಲ್ಲಿ ಹೊಳೆ, ಕೆರೆಗಳು ಇರುವುದೇ ಅಪರೂಪ. ಮಳೆನೀರು ಮರಳಿನೊಳಗೆ ಇಂಗಿ, ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೆಳುವಾದ ಸಿಹಿನೀರಿನ ಪದರವಾಗಿ ನಿಲ್ಲುತ್ತದೆ. ಲೆಕ್ಕದ ಪ್ರಕಾರ ಸಿಹಿನೀರು ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ನಿಂತಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರೇ ಇರುತ್ತದೆ. ಅಂದರೆ ಹೆಚ್ಚು ನೀರೆತ್ತಿ ಮೇಲಿನ ಮಟ್ಟ ಸ್ವಲ್ಪ ಇಳಿದರೂ ತಳದಿಂದ ಉಪ್ಪು ಬಹಳ ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಬೇಗ ಸಿಹಿಯಾಗುವುದಿಲ್ಲ, ಮತ್ತು ಆ ಬಾವಿಯ ನೀರು ಕುಡಿಯುವವರು ಅಲ್ಲಿಯ ನಿವಾಸಿಗಳು. ಮುನ್ನೂರು ಜನರನ್ನು ಒಟ್ಟಿಗೆ ಕರೆದೊಯ್ಯುವ ಸಂಸ್ಥೆಯು ವಸತಿಗೃಹಕ್ಕೆ ಸಿಹಿನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕೇಳದಿರುವುದನ್ನು ನಾನು ಒಪ್ಪಲಾರೆ. ಕೊಳಚೆ ನೇರವಾಗಿ ಕಡಲಿಗೆ ಸೇರುತ್ತಿದ್ದ ಕಾರಣಕ್ಕೇ ಫಿಲಿಪ್ಪೀನ್ಸ್ ಸರ್ಕಾರ ಪ್ರಸಿದ್ಧ ಬೊರಾಕಾಯ್ ದ್ವೀಪವನ್ನು 2018ರ ಏಪ್ರಿಲ್ 26ರಿಂದ ಆರು ತಿಂಗಳು ಪ್ರವಾಸಿಗರಿಗೆ ಮುಚ್ಚಿಬಿಟ್ಟಿತು. ತಂಡವನ್ನು ಸಣ್ಣ ಗುಂಪುಗಳಾಗಿ ಬೇರೆ ಬೇರೆ ವಾರಗಳಲ್ಲಿ ಕಳುಹಿಸಿದರೆ ಸಭೆಯೂ ಹೆಚ್ಚು ಫಲಪ್ರದವಾಗುತ್ತದೆ, ದ್ವೀಪಕ್ಕೂ ಹೊರೆ ತಗ್ಗುತ್ತದೆ.

ನಿಯಮಗಳೂ ಎಲ್ಲೆಡೆ ಒಂದೇ ಅಲ್ಲ. ಲಕ್ಷದ್ವೀಪಕ್ಕೆ ಹೊರಗಿನವರು ಮೊದಲೇ ಪ್ರವೇಶಾನುಮತಿ ಪಡೆಯಬೇಕಾದ್ದರಿಂದ ಕೊನೆ ಗಳಿಗೆಯಲ್ಲಿ ಹೆಸರು ಬದಲಿಸುವುದು ಸುಲಭವಲ್ಲ. ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನ್‌ಗಳನ್ನು ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವ್ 2020ರಿಂದ ನಿಷೇಧಿಸಿದೆ.

ಇನ್ನು ಸಿಬ್ಬಂದಿಯ ವಿಷಯ. ಎಲ್ಲರಿಗೂ ಈಜು ಬಾರದು, ಅಲೆಯ ಓಲಾಟ ಎಲ್ಲರ ದೇಹಕ್ಕೂ ಒಗ್ಗದು. ಗರ್ಭಿಣಿಯರಿಗೆ, ಮಂಡಿನೋವಿರುವವರಿಗೆ ಜೆಟ್ಟಿಯಿಂದ ತೂಗಾಡುವ ದೋಣಿಗೆ ಕಾಲಿಡುವುದೇ ಕಷ್ಟ. ಇಂಥವರು ಹಿರಿಯ ಅಧಿಕಾರಿಗಳೆದುರು ಬಾಯಿಬಿಟ್ಟು ಬೇಡವೆನ್ನಲು ಹಿಂಜರಿಯುತ್ತಾರೆ. ಜಲಕ್ರೀಡೆಗಳಲ್ಲಿ ಭಾಗವಹಿಸುವುದು ಐಚ್ಛಿಕವೆಂದು ಆಹ್ವಾನದಲ್ಲೇ ಬರೆಯಬೇಕು. ಬಾರದವರಿಗೆ ಕಾರಣ ಕೇಳಬಾರದು. ಭಾನುವಾರವನ್ನು ಪ್ರಯಾಣಕ್ಕೆ ಬಳಸಿಕೊಂಡರೆ ಬದಲಿ ರಜೆ ಕೊಡಬೇಕು.

ಸಭೆ ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂಗಡ ಹಣ ಕಳುಹಿಸುವ ಮೊದಲು ದೋಣಿ ರದ್ದಾದರೆ ಹಣ ಎಷ್ಟು ಮರಳುತ್ತದೆ, ಸಿಹಿನೀರಿನ ಮೂಲ ಯಾವುದು, ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆಗೆ ಹೇಗೆ ಸಾಗಿಸುತ್ತಾರೆ ಎಂಬ ಪ್ರಶ್ನೆಗಳಿಗೆ ವಸತಿಗೃಹದಿಂದ ಲಿಖಿತ ಉತ್ತರ ಪಡೆಯಿರಿ, ಮತ್ತು ಆ ಉತ್ತರವನ್ನು ಹೊರಡುವ ಪ್ರತಿಯೊಬ್ಬರಿಗೂ ಓದಲು ಕೊಡಿ.

ಇಂತಿ,
ಓದುಗರೊಬ್ಬರು