ಮಾರ್ವೆಲ್ ಹರೆಯವನ್ನು ಉಳಿಸಿಕೊಳ್ಳಿ ಅಂದಿಲ್ಲ

ಸಂಪಾದಕರಿಗೆ ನಮಸ್ಕಾರ.

17ನೇ ಶತಮಾನದ ಇಂಗ್ಲಿಷ್ ಕವಿ ಆಂಡ್ರ್ಯೂ ಮಾರ್ವೆಲ್‌ನ 'ಟು ಹಿಸ್ ಕಾಯ್ ಮಿಸ್ಟ್ರೆಸ್' (ನಾಚುವ ಪ್ರೇಯಸಿಗೆ) ಕವಿತೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಸ್ವಲ್ಪ ಬೇಜಾರಾಯಿತು. ನಾಚುವ ಹುಡುಗಿಗೆ ವಯಸ್ಸಿನ ಹೆದರಿಕೆ ಹುಟ್ಟಿಸಿ ಒಲಿಸಿಕೊಳ್ಳುವ ಕವಿತೆ ಎಂದು ಹೇಳಿ ಲೇಖಕರು ಮುಗಿಸಿಬಿಟ್ಟಿದ್ದಾರೆ. ಹೆದರಿಕೆ ಇರುವುದು ನಿಜ. ಆದರೆ ಆ 46 ಸಾಲುಗಳಲ್ಲಿ ಕಾಲದ ರೂಪಕ ಎಷ್ಟು ಸಲ ಬದಲಾಗುತ್ತದೆ ಅನ್ನುವುದನ್ನು ಅವರು ನೋಡಲೇ ಇಲ್ಲ.

ಮೊದಲ ಭಾಗ, ಕಾಲ ಬೇಕಾದಷ್ಟಿದ್ದಿದ್ದರೆ ಎನ್ನುವ ಊಹೆ. ಅವಳು ಗಂಗೆಯ ದಡದಲ್ಲಿ ಮಾಣಿಕ್ಯ ಹುಡುಕಬಹುದು, ಕವಿ ತಾನು ಬೆಳೆದ, ಇಂಗ್ಲೆಂಡಿನ ಹಲ್ ಊರಿನ ಹಂಬರ್ ನದಿಯ ಪಕ್ಕ ಕೂತು ಕೊರಗಬಹುದು. ಪ್ರೀತಿ ಗಿಡದ ಹಾಗೆ ನಿಧಾನಕ್ಕೆ, ಸಾಮ್ರಾಜ್ಯಗಳಿಗಿಂತ ದೊಡ್ಡದಾಗಿ ಬೆಳೆಯಬಹುದು. ಕಣ್ಣು, ಹಣೆ ಹೊಗಳಲು 100 ವರ್ಷ, ಒಂದೊಂದು ಮೊಲೆಗೆ 200, ಉಳಿದಿದ್ದಕ್ಕೆ 30,000.

ಆಮೇಲೆ ಕಾಲದ ರೆಕ್ಕೆಯ ರಥ ಬರುತ್ತದೆ. ಅದು ಅವನಿಗೆ ಕಾಣುವುದಿಲ್ಲ, ಕೇಳಿಸುತ್ತದೆ, ಅದೂ ಅವನದೇ ಬೆನ್ನ ಹಿಂದೆ, ಯಾವಾಗಲೂ. ಮುಂದೆ ನೋಡಿದರೆ ಕೊನೆಯಿಲ್ಲದ ಮರುಭೂಮಿ. ಹಿಂದೆ ಅಟ್ಟಿಸಿಕೊಂಡು ಬರುವ ರಥ, ಮುಂದೆ ಬಯಲು, ನಡುವೆ ಈ ಇಬ್ಬರು: ಇದು ಸುಮ್ನೆ ಒಬ್ಬಳನ್ನು ಹೆದರಿಸಲು ಕಟ್ಟಿದ ಚಿತ್ರ ಅಲ್ಲ. ಗೋರಿಯ ಬಗೆಗಿನ ಸಾಲುಗಳು ಕ್ರೂರವಾಗಿವೆ, ಅದನ್ನು ಒಪ್ಪುತ್ತೇನೆ. ಅವಳು ಕಾಪಾಡಿಕೊಂಡ ಕನ್ಯತ್ವ ಹುಳುಗಳ ಪಾಲಾಗುತ್ತದೆ ಎನ್ನುವ ಮಾತು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಅಲ್ಲೇ ಅವನ ಕಾಮವೂ ಬೂದಿಯಾಗುತ್ತದೆ, ಅವನ ಹಾಡೂ ಕೇಳಿಸದಂತಾಗುತ್ತದೆ. ಲೇಖನ ಈ ಮಾತನ್ನು ಯಾಕೆ ಬಿಟ್ಟಿತು?

ನನಗೆ ಮುಖ್ಯ ಅನ್ನಿಸುವುದು ಕೊನೆಯ ಭಾಗ. ಅವಳ ಚರ್ಮದ ಮೇಲೆ ಹರೆಯ ಬೆಳಗಿನ ಇಬ್ಬನಿಯಂತೆ ಕೂತಿದೆ ಎನ್ನುತ್ತಾನೆ. ಚೆಂದದ ಮಾತು, ಆದರೆ ಆ ಕಾಲದ ಬೇರೆ ಕವಿಯೂ ಬರೆಯಬಹುದಾಗಿದ್ದ ಮಾತು. ಹೂವು ಬಾಡುವ ಮುಂಚೆ ಕೊಯ್ದುಕೊಳ್ಳಿ ಎಂದು ರಾಬರ್ಟ್ ಹೆರಿಕ್ 1648ರಲ್ಲೇ ಅಚ್ಚು ಹಾಕಿಸಿದ್ದ. ಮಾರ್ವೆಲ್ ಅಲ್ಲಿಗೆ ನಿಲ್ಲುವುದಿಲ್ಲ, ಕೆಲವೇ ಸಾಲುಗಳಲ್ಲಿ ಇಬ್ಬರನ್ನೂ ಬೇಟೆಯ ಹಕ್ಕಿಗಳನ್ನಾಗಿ ಮಾಡುತ್ತಾನೆ. ಕಾಲ ನಮ್ಮನ್ನು ನಿಧಾನವಾಗಿ ಅಗಿದು ತಿನ್ನುವ ಬದಲು ನಾವೇ ಅದನ್ನು ಒಮ್ಮೆಗೇ ನುಂಗೋಣ ಅನ್ನುತ್ತಾನೆ. ಇಲ್ಲಿಂದ ಮುಂದೆ 'ನೀನು' ಇಲ್ಲ, ಬರೀ 'ನಾವು'.

ಮುಗಿಯುವುದು ಸೂರ್ಯನಿಂದ: ಅವನನ್ನು ನಿಲ್ಲಿಸಲು ಆಗದು, ಓಡಿಸೋಣ. ಇಬ್ಬನಿಯನ್ನು ಒಣಗಿಸುವವನು ಸೂರ್ಯನೇ ಅಲ್ವಾ? ಅವನು ಓಡಿದಷ್ಟೂ ಇಬ್ಬನಿ ಬೇಗ ಆರುತ್ತದೆ. ಅಂದರೆ ಹರೆಯವನ್ನು ಉಳಿಸಿಕೊಡುತ್ತೇನೆ ಎಂಬ ಭರವಸೆ ಇಲ್ಲಿ ಇಲ್ಲವೇ ಇಲ್ಲ, ಇಬ್ಬರೂ ಸೇರಿ ಅದನ್ನು ಪೂರ್ತಿ ಖರ್ಚು ಮಾಡೋಣ ಎನ್ನುವ ಕರೆ ಇದೆ. ಹೆದರಿಸುವವನು ತನ್ನದನ್ನು ಹೀಗೆ ಪಣಕ್ಕೆ ಇಡುವುದಿಲ್ಲ.

ಹುಡುಗಿಗೆ ಒಂದು ಸಾಲಿನ ಉತ್ತರವೂ ಇಲ್ಲ ಎನ್ನುವ ಲೇಖಕರ ತಕರಾರು ಮಾತ್ರ ಸರಿ. 'ನಾವು' ಅನ್ನಲು ಅವಳು ಒಪ್ಪಿದಳೋ ಇಲ್ಲವೋ ಕವಿತೆ ಹೇಳುವುದಿಲ್ಲ.

1678ರಲ್ಲಿ ಮಾರ್ವೆಲ್ ತೀರಿಕೊಂಡ ಮೇಲೆ, 1681ರಲ್ಲಿ ಇದು ಅಚ್ಚಾಯಿತು. ಮುಂದಿನ ಸಲ ಇಂಥ ಲೇಖನ ಹಾಕುವಾಗ ಪಕ್ಕದಲ್ಲಿ ಪೂರ್ತಿ ಕವಿತೆಯ ಕನ್ನಡ ಅನುವಾದವನ್ನೂ ಕೊಡಿ. ಓದುಗರು ತಾವೇ ಓದಿ ತೀರ್ಮಾನಿಸಲಿ.

ಇಂತಿ,
ನಿಮ್ಮ ಓದುಗ