ಟೈರಿನ ಬಾಳಿಕೆ ಬೇರೆ, ಹಿಮದ ಮೇಲಿನ ಹಿಡಿತ ಬೇರೆ

ಮಾನ್ಯ ಸಂಪಾದಕರೇ,

ಹಿಮ ಬೀಳುವ ಸೀಮೆಯಲ್ಲಿ ಕಾರು ಓಡಿಸುವವರಿಗೆ ನಿಮ್ಮ ವಾಹನ ಪುರವಣಿ ಕೊಟ್ಟ ಸಲಹೆ ಇದು: ‘ಆಲ್-ಸೀಸನ್ ಟೈರ್ ಕೊಳ್ಳುವಾಗ ಅತಿ ಹೆಚ್ಚು ಕಿಲೋಮೀಟರ್ ವಾರಂಟಿ ಇರುವುದನ್ನೇ ಆರಿಸಿ.’ ಬಿಸಿಲು, ಮಳೆಯಷ್ಟೇ ಕಾಣುವ ರಸ್ತೆಗೆ ಈ ಮಾತು ಒಪ್ಪುತ್ತದೆ. ಹಿಮದ ರಸ್ತೆಗೆ ಹೀಗೆ ಆರಿಸಿದರೆ ಲೆಕ್ಕ ತಪ್ಪುತ್ತದೆ.

ಕಂಪನಿಗಳು ಕೊಡುವ ಕಿಲೋಮೀಟರ್ ವಾರಂಟಿ, ಟ್ರೆಡ್ (ರಸ್ತೆಗೆ ತಾಗುವ ರಬ್ಬರ್ ಪದರ) 1.6 ಮಿ.ಮೀ.ಗೆ ಸವೆಯುವವರೆಗಿನ ಲೆಕ್ಕ. ಆದರೆ ಹಿಮದ ಮೇಲೆ ಟೈರಿನ ಕೆಲಸ ಅದಕ್ಕೆ ಎಷ್ಟೋ ಮೊದಲೇ, ಸುಮಾರು 4 ಮಿ.ಮೀ. ಹೊತ್ತಿಗೆ ಮುಗಿದಿರುತ್ತದೆ. ಹೊಸ ಟೈರಿನಲ್ಲಿ ಟ್ರೆಡ್ ಆಳ ಸಾಮಾನ್ಯವಾಗಿ 8 ಮಿ.ಮೀ. ಅಂದರೆ ವಾರಂಟಿ ಲೆಕ್ಕ ಹಾಕುವುದು 6.4 ಮಿ.ಮೀ. ರಬ್ಬರಿಗೆ, ಹಿಮಕ್ಕೆ ದಕ್ಕುವುದು 4 ಮಿ.ಮೀ. ಮಾತ್ರ. ಸವೆತ ಒಂದೇ ಸಮನಾಗಿ ನಡೆದರೂ, 80,000 ಕಿ.ಮೀ. ಬಾಳುವ ಟೈರ್ ಹಿಮಕ್ಕೆ ಒದಗುವುದು 50,000 ಕಿ.ಮೀ. ಉಳಿದ 30,000 ಕಿ.ಮೀ. ಬೇಸಿಗೆಯಲ್ಲಿ ಓಡಿಸಿಕೊಳ್ಳಬಹುದು, ಅಷ್ಟೇ.

ಆಳಕ್ಕೆ ಇಷ್ಟು ಬೆಲೆ ಏಕೆ? ಹಿಮದ ಮೇಲೆ ಉರುಳುವ ಟೈರ್ ತನ್ನ ಟ್ರೆಡ್ಡಿನ ತೋಡುಗಳಲ್ಲಿ ಹಿಮವನ್ನು ತುಂಬಿ ಒತ್ತಿಕೊಳ್ಳುತ್ತದೆ. ಹಾಗೆ ಒತ್ತಿದ ಹಿಮ ನೆಲದ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಎಳೆತ ಸಿಗುವುದು ಹೆಚ್ಚಾಗಿ ಅದರಿಂದಲೇ. ತೋಡು ಆಳವಿಲ್ಲದಿದ್ದರೆ ಕಚ್ಚಲು ಏನೂ ಇರುವುದಿಲ್ಲ. ಇದರ ಜೊತೆಗೆ ಟ್ರೆಡ್ಡಿನ ಪ್ರತಿ ತುಂಡಿನ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಟೈರ್ ತಿರುಗುವಾಗ ಅವು ಬಾಯಿ ಬಿಟ್ಟು ನೂರಾರು ಅಂಚುಗಳಾಗಿ ಕೆಲಸ ಮಾಡುತ್ತವೆ. ಕೆಲವು ಟೈರುಗಳಲ್ಲಿ ಈ ಸೀಳುಗಳು ತೋಡಿನ ತಳದವರೆಗೆ ಇಳಿದಿರುವುದಿಲ್ಲ. ಅರ್ಧ ಸವೆಯುವಷ್ಟರಲ್ಲಿ ಮಾಯವಾಗಿ, ಮೇಲ್ಮೈ ಬರೀ ದಪ್ಪ ರಬ್ಬರ್ ತುಂಡುಗಳ ಸಾಲಾಗುತ್ತದೆ. ಅಂಗಡಿಯಲ್ಲಿ ಹೊಸ ಟೈರ್ ನೋಡುವಾಗ ಸೀಳಿನೊಳಗೆ ತೆಳು ಕಾರ್ಡು ಇಳಿಸಿ ಆಳ ಅಳೆಯಿರಿ. ಬಾಳಿಕೆಯ ಬಗ್ಗೆ ಯಾವ ಜಾಹೀರಾತೂ ಹೇಳದ ವಿಷಯ ಇದು.

ಇನ್ನು ಸೈಡ್‌ವಾಲ್ (ಟೈರಿನ ಪಕ್ಕದ ಮೈ) ಮೇಲಿನ ಗುರುತುಗಳು. ‘ಎಂ+ಎಸ್’ ಎಂದು ಅಚ್ಚಾಗಿದ್ದರೆ ಅದು ಕೆಸರಿಗೂ ಹಿಮಕ್ಕೂ ಆಗುವ ಟೈರ್ ಎಂದು ಕಂಪನಿಯೇ ಹೇಳಿಕೊಂಡ ಮಾತು. ಟ್ರೆಡ್ಡಿನ ವಿನ್ಯಾಸ ಅದಕ್ಕೆ ತಕ್ಕಂತಿದ್ದರೆ ಸಾಕು. ಹಿಮದ ಮೇಲೆ ಓಡಿಸಿ ನೋಡಬೇಕೆಂಬ ಕಟ್ಟುಪಾಡು ಅದಕ್ಕಿಲ್ಲ. ಮೂರು ಶಿಖರಗಳ ಬೆಟ್ಟದೊಳಗೆ ಹಿಮಹರಳಿನ ಚಿತ್ರವಿದ್ದರೆ ಆ ಟೈರ್ ಹಿಮದ ಮೇಲೆ ಪರೀಕ್ಷೆ ದಾಟಿದೆ. ಅಮೆರಿಕ ಮತ್ತು ಕೆನಡಾದ ರಬ್ಬರ್ ಉದ್ಯಮ ಸಂಘಟನೆಗಳು 1999ರಲ್ಲಿ ತಂದ ಗುರುತು ಇದು. ಹೋಲಿಕೆಗೆ ಇಟ್ಟ ಸಾಮಾನ್ಯ ಟೈರಿನ ಎಳೆತವನ್ನು 100 ಎಂದು ಹಿಡಿದರೆ, ಒತ್ತಿದ ಹಿಮದ ಮೇಲೆ ಹೊಸ ಟೈರ್ ಕನಿಷ್ಠ 110 ತೋರಿಸಬೇಕು ಎಂಬುದು ಆಗಿನ ಷರತ್ತು. ಆಲ್-ಸೀಸನ್ ಎನ್ನುವ ಟೈರುಗಳಲ್ಲಿ ಈ ಬೆಟ್ಟದ ಗುರುತಿರುವವನ್ನು ಉತ್ತರ ಅಮೆರಿಕದಲ್ಲಿ ‘ಆಲ್-ವೆದರ್’ ಎಂದು ಮಾರುತ್ತಾರೆ. ಹಿಮದ ಊರಿಗೆ ಒಂದೇ ಸೆಟ್ಟಿನಲ್ಲಿ ವರ್ಷವಿಡೀ ಓಡಿಸಬೇಕೆಂದಿದ್ದರೆ ಕೊಳ್ಳಬೇಕಾದದ್ದು ಇದನ್ನೇ. ಬರೀ ಎಂ+ಎಸ್ ಇರುವುದು, ವಾರಂಟಿ ಎಷ್ಟೇ ಇರಲಿ, ಬೇಡ.

ಬೆಟ್ಟದ ಗುರುತಿಗೂ ಮಿತಿಗಳಿವೆ. ಉತ್ತರ ಅಮೆರಿಕದ ಆ ಪರೀಕ್ಷೆ ನೋಡುವುದು ಮುಂದಕ್ಕೆ ಎಳೆಯುವ ಶಕ್ತಿಯನ್ನು. ಬ್ರೇಕನ್ನಲ್ಲ, ತಿರುವನ್ನಲ್ಲ, ಮಂಜುಗಡ್ಡೆಯ ಮೇಲಿನ ಹಿಡಿತವನ್ನಂತೂ ಅಲ್ಲವೇ ಅಲ್ಲ. ಮಂಜುಗಡ್ಡೆಗೆಂದೇ ಯುರೋಪಿನ ಟೈರ್ ಲೇಬಲ್ಲಿನಲ್ಲಿ 2021ರ ಮೇ ತಿಂಗಳಿಂದ ಬೇರೆ ಗುರುತು ಬಂದಿದೆ. ಬೆಟ್ಟದ ಗುರುತು ಹೊಸ ಟೈರಿಗೆ ಸಿಕ್ಕಿದ್ದು ಎಂಬುದೂ ನೆನಪಿರಲಿ. ಟ್ರೆಡ್ ಸವೆದು ಬೋಳಾದರೂ ಸೈಡ್‌ವಾಲ್ ಮೇಲಿನ ಬೆಟ್ಟ ಹಾಗೆಯೇ ನಿಂತಿರುತ್ತದೆ!

ಕಾನೂನುಗಳು ಈ ವ್ಯತ್ಯಾಸವನ್ನು ಒಂದೊಂದು ಕಡೆ ಒಂದೊಂದು ರೀತಿ ಕಂಡಿವೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದ ಹೆದ್ದಾರಿಗಳಲ್ಲಿ 3.5 ಮಿ.ಮೀ. ಟ್ರೆಡ್ ಇರುವ ಎಂ+ಎಸ್ ಟೈರೂ ನಡೆಯುತ್ತದೆ. ಹಿಮದ ರಸ್ತೆಗೆ ಬರೀ ಎಂ+ಎಸ್ ಸಾಕು ಎಂಬ ರಿಯಾಯಿತಿಯನ್ನು ಜರ್ಮನಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಸಿತು. ಜರ್ಮನಿ ಮಾಡಿದ್ದೇ ಸರಿ.

ನಿಮ್ಮ ಲೇಖನ ಟ್ರೆಡ್‌ವೇರ್ ಅಂಕಿಯನ್ನು, ಅಂದರೆ ಟೈರ್ ಎಷ್ಟು ನಿಧಾನ ಸವೆಯುತ್ತದೆ ಎಂದು ಸೂಚಿಸುವ ಅಂಕಿಯನ್ನು, ಬಹಳ ನೆಚ್ಚಿಕೊಂಡಿದೆ. ಅಮೆರಿಕದ ಶ್ರೇಣಿ ಪದ್ಧತಿಯಲ್ಲಿ 100 ಎಂದರೆ ಹೋಲಿಕೆಯ ಟೈರ್; 600 ಎಂದರೆ ಪರೀಕ್ಷಾ ಓಟದ ಲೆಕ್ಕದಲ್ಲಿ ಅದರ ಆರು ಪಟ್ಟು ನಿಧಾನ ಸವೆತ. 60,000 ಕಿ.ಮೀ. ಎಂದಲ್ಲ. ಈ ಅಂಕಿಯನ್ನು ಕಂಪನಿಯೇ ನಿಗದಿ ಮಾಡುವುದರಿಂದ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಉಪಯೋಗಕ್ಕೆ ಬರುತ್ತದೆ; ಬೇರೆ ಬೇರೆ ಕಂಪನಿಗಳ ನಡುವೆ ಅಷ್ಟಾಗಿ ಇಲ್ಲ. ಅದಲ್ಲದೆ ಸವೆಯದಿರಲಿ ಎಂದು ರಬ್ಬರನ್ನು ಗಟ್ಟಿ ಮಾಡಿದರೆ ಚಳಿಯಲ್ಲಿ ಅದು ಇನ್ನಷ್ಟು ಬಿರುಸಾಗುತ್ತದೆ. ಹಾಗೆ ಬಿರುಸಾಗುವುದಕ್ಕೆ 7 ಡಿಗ್ರಿ ಸೆಲ್ಸಿಯಸ್ ಎಂಬ ಗೆರೆಯನ್ನು ಎಲ್ಲರೂ ಹೇಳುತ್ತಾರೆ; ಅದು ಸ್ವಿಚ್ ಹಾಕಿದಂತೆ ಆಗುವ ಬದಲಾವಣೆಯಲ್ಲ, ತಾಪ ಇಳಿದಂತೆಲ್ಲ ಮೆಲ್ಲಗೆ ಬರುವ ಬಿಗಿತ. ಸಿಲಿಕಾ ಬೆರೆಸಿದ ಹೊಸ ರಬ್ಬರುಗಳು ಬಾಳಿಕೆ ಮತ್ತು ಚಳಿಯಲ್ಲಿನ ಮೆದುತನ ಎಂಬ ಈ ಎರಡು ಗುಣಗಳ ಜಗಳವನ್ನು ತಗ್ಗಿಸಿವೆ, ನಿಲ್ಲಿಸಿಲ್ಲ.

ಅಳತೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವುದನ್ನೇ ಹಾಕಿ. 225/60 ಆರ್17 99 ಎಚ್ ಎಂದಿದ್ದರೆ 99 ಎಂಬುದು ಒಂದು ಟೈರ್ ಹೊರಬಲ್ಲ 775 ಕೆ.ಜಿ. ಭಾರ, ಎಚ್ ಎಂಬುದು ಅದು ತಾಳಬಲ್ಲ ಗಂಟೆಗೆ 210 ಕಿ.ಮೀ. ವೇಗ. ಭಾರದ ಅಂಕಿ ಚೀಟಿಯದಕ್ಕಿಂತ ಕೆಳಗಿಳಿಯಬಾರದು. ಕಂಪನಿ ಎರಡು ರಿಮ್ ಅಳತೆ ಒಪ್ಪಿದ್ದರೆ ಚಿಕ್ಕ ರಿಮ್ಮಿನ, ಅಗಲ ಕಡಿಮೆಯ ಟೈರ್ ಆರಿಸಿ. ಸಡಿಲ ಹಿಮವನ್ನು ಸೀಳಿಕೊಂಡು ಹೋಗುತ್ತದೆ, ರಸ್ತೆಗುಂಡಿಗೆ ರಿಮ್ ಬಾಗುವುದೂ ಕಡಿಮೆ. ತಯಾರಾದ ದಿನವನ್ನೂ ನೋಡಿ: ಸೈಡ್‌ವಾಲ್ ಮೇಲಿನ ಕೊನೆಯ ನಾಲ್ಕು ಅಂಕಿ 3524 ಎಂದಿದ್ದರೆ 2024ರ 35ನೇ ವಾರ.

ನಾಲ್ಕೂ ಚಕ್ರಕ್ಕೆ ಒಂದೇ ಟೈರ್ ಇರಬೇಕು. ಮುಂಚಕ್ರ ಎಳೆಯುವ ಕಾರಿಗೆ ಮುಂದೆ ಮಾತ್ರ ಒಳ್ಳೆಯ ಟೈರ್ ಹಾಕಿಸುವವರಿದ್ದಾರೆ. ಹೊರಡುವಾಗ ಎಲ್ಲ ಚೆನ್ನಾಗಿರುತ್ತದೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂಭಾಗ ಹಿಡಿಯುತ್ತದೆ, ಹಿಂಭಾಗ ಜಾರಿ ಕಾರು ಬುಗುರಿಯಾಗುತ್ತದೆ. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಟ್ರೆಡ್ ಆಳದ ವ್ಯತ್ಯಾಸ ಹೆಚ್ಚಾದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಿ ಗೇರ್ ವ್ಯವಸ್ಥೆಗೇ ಪೆಟ್ಟು. ವ್ಯತ್ಯಾಸ ಎಷ್ಟಿರಬಹುದೆಂದು ಕಾರಿನ ಕೈಪಿಡಿ ನೋಡಿ. ಇಂಥ ಕಾರು ಹೊರಡುವುದರಲ್ಲಿ ಗಟ್ಟಿಗ, ಆದರೆ ನಿಲ್ಲುವುದಕ್ಕೆ ಅದಕ್ಕೂ ಇರುವುದು ನಾಲ್ಕೇ ಟೈರ್.

ಒಳ್ಳೆಯ ಟೈರನ್ನು ಬೇಗ ಕೊಲ್ಲುವುದು ಹೆಚ್ಚುಕಡಿಮೆಯಾದ ಗಾಳಿ ಮತ್ತು ತಪ್ಪಿದ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಕೆ). ತಾಪ 5–6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಒತ್ತಡದ ಅಳತೆ) ಇಳಿಯುತ್ತದೆ. ಗ್ಯಾರೇಜಿನ 20 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರ್ ಹೊರಗಿನ ಮೈನಸ್ 20ರಲ್ಲಿ 26–27ಕ್ಕೆ ಬಂದಿರುತ್ತದೆ. ಆದ್ದರಿಂದ ಕಾರು ಹೊರಗೆ ತಣ್ಣಗೆ ನಿಂತಿದ್ದಾಗ ಅಳೆಯಬೇಕು. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ. ಟ್ರೆಡ್ ಮೇಲೆ ಅಡ್ಡಕ್ಕೆ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಹಿಮದಲ್ಲಿ ಹಿಡಿತ ಬರಲೆಂದು ಗಾಳಿ ಇಳಿಸುವ ಅಭ್ಯಾಸವನ್ನು ರಸ್ತೆಯ ಕಾರಿನಲ್ಲಿ ಬಿಟ್ಟುಬಿಡಬೇಕು.

8,000ದಿಂದ 10,000 ಕಿ.ಮೀ.ಗೊಮ್ಮೆ ಟೈರ್ ಸ್ಥಾನ ಬದಲಿಸಿ. ಮುಂಚಕ್ರ ಎಳೆಯುವ ಕಾರಿನಲ್ಲಿ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡ ಹಾಯ್ದು ಮುಂದಕ್ಕೆ. ಟೈರಿನ ಮೇಲೆ ತಿರುಗುವ ದಿಕ್ಕು ತೋರುವ ಬಾಣದ ಗುರುತಿದ್ದರೆ ಅದೇ ಬದಿಯಲ್ಲಿ ಹಿಂದೆ-ಮುಂದೆ ಮಾತ್ರ. ಚಕ್ರ ಕಳಚಿ ಹಾಕಿದ ಮೇಲೆ 100 ಕಿ.ಮೀ. ಒಳಗೆ ನಟ್‌ಗಳನ್ನು ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ಪಾನಾ) ಮತ್ತೆ ಪರೀಕ್ಷಿಸಿ. ಚಳಿಗಾಲ ಶುರುವಾಗುವ ಮುನ್ನ ಪ್ರತಿ ಟೈರಿನ ಒಳಅಂಚು, ನಡು, ಹೊರಅಂಚು ಮೂರೂ ಕಡೆ ಆಳ ಅಳೆದು, ಅತಿ ಕಡಿಮೆ ಬಂದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ. 5 ಮಿ.ಮೀ. ಬಂದಿದ್ದರೆ ಈ ಚಳಿಗಾಲ ದಾಟಬಹುದು. ಮುಂದಿನದಕ್ಕೆ ಹೊಸದು ಬೇಕಾಗಬಹುದು.

ತಿಂಗಳುಗಟ್ಟಲೆ ರಸ್ತೆ ಗಟ್ಟಿ ಹಿಮ, ಮಂಜುಗಡ್ಡೆಯ ಕೆಳಗೇ ಇರುವ ಕಡೆ, ಕಡಿದಾದ ಏರು-ಇಳಿಜಾರಿನ ಕಡೆ ಆಲ್-ವೆದರ್ ಕೂಡ ಸಾಲದು. ಅಲ್ಲಿ ಚಳಿಗಾಲದ ಟೈರುಗಳನ್ನು ಬೇರೆ ರಿಮ್ಮುಗಳಿಗೇ ಹಾಕಿಸಿಟ್ಟುಕೊಳ್ಳುವುದು ಮೇಲು. ಎರಡು ಸೆಟ್ ದುಬಾರಿ ಎನಿಸುತ್ತದೆ, ಆದರೆ ಒಂದು ಓಡುವಾಗ ಇನ್ನೊಂದು ಸವೆಯದೆ ಕೂತಿರುತ್ತದೆ. ಹೆಚ್ಚುವರಿ ಖರ್ಚು ಬಹುಮಟ್ಟಿಗೆ ರಿಮ್ಮುಗಳದ್ದು ಮಾತ್ರ.

ಪುರವಣಿಯಲ್ಲಿ ಮತ್ತೆ ಟೈರ್ ಪಟ್ಟಿ ಕೊಡುವಾಗ ವಾರಂಟಿಯ ಪಕ್ಕದಲ್ಲಿ ಎರಡು ಕಾಲಂ ಸೇರಿಸಬೇಕೆಂದು ಕೋರಿಕೆ: ಬೆಟ್ಟದ ಗುರುತು ಇದೆಯೇ ಇಲ್ಲವೇ, ಮತ್ತು ಹೊಸದರಲ್ಲಿ ಟ್ರೆಡ್ ಆಳ ಎಷ್ಟು ಮಿ.ಮೀ.

ಇತಿ,
ಓರ್ವ ಓದುಗ