ಗುಜ್ಜರಕೆರೆಗೆ ಮೊದಲು ಶುದ್ಧ ನೀರು ಬೇಕು

ಮಾನ್ಯರೇ,

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಮಂಗಳೂರಿನಲ್ಲಿ ಮೇ ತಿಂಗಳು ಬಂದರೆ ಎಲ್ಲರ ಕಣ್ಣು ನಗರಕ್ಕೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರಿನ ಮಟ್ಟದ ಮೇಲಿರುತ್ತದೆ. ಇಳಿಜಾರಿನ ಈ ಊರಿನಲ್ಲಿ ಬೇಗನೆ ಕಡಲು ಸೇರುವ ಮಳೆನೀರನ್ನು ತಡೆದು, ಮುರಕಲ್ಲಿನ ನೆಲದೊಳಗೆ ಇಂಗಿಸಿ, ಸುತ್ತಲಿನ ಬಾವಿಗಳನ್ನು ಕಾಯುವವು ಗುಜ್ಜರಕೆರೆ, ಕಾವೂರು ಕೆರೆಯಂಥ ಜಲಮೂಲಗಳು. ಆದರೆ ಕೆರೆ ಅಭಿವೃದ್ಧಿಯೆಂದರೆ ತಡೆಗೋಡೆ, ನಡಿಗೆ ಪಥ, ದೀಪಗಳು ಎಂದಷ್ಟೇ ಆಗಿಬಿಟ್ಟಿದೆ. ನಡಿಗೆ ಪಥ ಬೇಡವೆಂದು ನಾನು ಹೇಳುತ್ತಿಲ್ಲ; ಮೊದಲು ನೀರು ಶುದ್ಧವಾಗಲಿ ಎನ್ನುತ್ತೇನೆ. ಗುಜ್ಜರಕೆರೆಗೆ ಒಳಚರಂಡಿ ನೀರು ಸೇರುತ್ತಿದೆ ಎಂಬ ದೂರು ಹಲವು ವರ್ಷಗಳದ್ದು. ಕೊಳಚೆ ಬರುವ ದಾರಿಯನ್ನು ಮುಚ್ಚದೆ ಎಷ್ಟು ಹೂಳೆತ್ತಿದರೂ ಆ ಕೊಳಚೆ ಬಾವಿಗಳಿಗೂ ಇಳಿಯುತ್ತದೆ. ಮಳೆಗಾಲಕ್ಕೆ ಮುನ್ನ ಕೆರೆಗೆ ಸೇರುವ ತೋಡುಗಳನ್ನು ಪರಿಶೀಲಿಸಿ, ನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳು ಕೆರೆದಂಡೆಯಲ್ಲೇ ಪ್ರಕಟಿಸಬೇಕೆಂದು ಸಂಬಂಧಪಟ್ಟವರನ್ನು ವಿನಂತಿಸುತ್ತೇನೆ.

– ಓರ್ವ ನಿವಾಸಿ, ಜೆಪ್ಪು, ಮಂಗಳೂರು